ವೀಳ್ಯದ ದಿನದ ರೇಟು

ಜನವರಿ 5, ಸೋಮವಾರ
ಬೆಳಿಗ್ಗೆ

ಹಾಲು ಬಂತು. ರೇಟು ಬಂತು. ಹಾಲಿಗಿಂತ ಮುಂಚೆ ರೇಟೇ ಬಂತು. ನಮ್ಮ ಯಜಮಾನರು ಎದ್ದು ಕಣ್ಣುಜ್ಜಿಕೊಂಡು ಮೊದಲು ನೋಡುವುದು ದೇವರ ಫೋಟೋ ಅಲ್ಲ, ಫೋನು. ಅಕ್ಕಸಾಲಿಗರ ವಾಟ್ಸಾಪ್ ಗ್ರೂಪು. ದಿನಾ ಬೆಳಿಗ್ಗೆ ಅದರಲ್ಲಿ ಚಿನ್ನದ ರೇಟು ಹಾಕುತ್ತಾರೆ. ಕೆಳಗೆ ಎಲ್ಲರೂ ಕೈಮುಗಿಯುವ ಗೊಂಬೆ ಹಾಕುತ್ತಾರೆ — ಯಾರಿಗೆ ಮುಗಿಯುತ್ತಾರೋ.

ಇವತ್ತು ಮತ್ತೆ ಏರಿದೆ. ಅಮೆರಿಕದವರು ವೆನಿಜುವೆಲಾ ಅಂತ ಒಂದು ದೇಶಕ್ಕೆ ನುಗ್ಗಿ ಅಲ್ಲಿನ ಅಧ್ಯಕ್ಷರನ್ನೇ ಎತ್ತಿಕೊಂಡು ಹೋದರಂತೆ.

"ಅದುಕ್ಕೂ ಪಾಂಡವಪುರದ ಚಿನ್ನಕ್ಕೂ ಏನ್ರೀ ಸಂಬಂಧ?" ಅಂದೆ.

"ಎದರ್ದೋರು ಚಿನ್ನ ಕೊಳ್ತಾರೆ ಕಣಮ್ಮಿ. ಈಗ ಇಡೀ ಪ್ರಪಂಚನೇ ಎದರ್ಕಂಡು ಕುಂತದೆ."

ಹೇಳಿದ ಗತ್ತು ನೋಡಬೇಕಿತ್ತು. ಪುಟ್ಟಸ್ವಾಮಾಚಾರ್ ಅಂದರೆ ಈ ಬೀದಿಯಲ್ಲಿ ತಾಳಿ ಮಾಡುವವರು ಅಂತ ಹೆಸರು. ಈಗ ವಿದೇಶಾಂಗ ಮಂತ್ರಿಯೂ ಆಗಿದ್ದಾರೆ.

ಮಧ್ಯಾಹ್ನ

ಅರಕೆರೆಯಿಂದ ದೊಡ್ಡತಾಯಮ್ಮ ಬಂದಿದ್ದರು. ಮೊಮ್ಮಗನಿಗೆ ಫೆಬ್ರವರಿಯಲ್ಲಿ ಮದುವೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬೆಲ್ಲದ ಅಚ್ಚು, ಒಂದಿಷ್ಟು ಮುಂಗಡ. ತಾಳಿ ಮಾಡಿಕೊಡಿ ಅಂತ ಒಪ್ಪಿಸುವ ವೀಳ್ಯ.

ನಮ್ಮ ಮನೆಯಲ್ಲಿ ಮಾವನವರ ಅಪ್ಪನ ಕಾಲದಿಂದ ಒಂದು ಕಟ್ಟಲೆ ಇದೆ. ತಾಳಿಗೆ ವೀಳ್ಯ ಕೊಟ್ಟ ದಿನ ಚಿನ್ನದ ರೇಟು ಏನಿದೆಯೋ ಅದೇ ರೇಟು. ಒಡವೆ ಕೈಗೆ ಕೊಡುವ ದಿನ ಎಷ್ಟೇ ಆಗಿರಲಿ, ಹೆಚ್ಚು ಕೇಳುವ ಹಾಗಿಲ್ಲ, ಅವರೂ ಕಡಿಮೆ ಕೊಡುವ ಹಾಗಿಲ್ಲ. ಆ ಕಾಲದಲ್ಲಿ ಚಿನ್ನ ವರ್ಷಕ್ಕೊಮ್ಮೆ ಆಕಳಿಸಿ ಮಗ್ಗಲು ಬದಲಿಸುತ್ತಿತ್ತು. ಈಗ ಗಂಟೆಗೊಂದು ಸಲ ಎದ್ದು ಕುಣಿಯುತ್ತದೆ. ಕಟ್ಟಲೆ ಮಾತ್ರ ಕೂತಲ್ಲೇ ಕೂತಿದೆ.

"ಅಂಗಾದ್ರೆ ಇವತ್ತೇ ಮೈಸೂರ್‌ಗೋಗಿ ಅವ್ರ ಚಿನ್ನ ತಂದು ಮಡಗ್ಬುಡಿ" ಅಂದೆ.

"ಧನುರ್ಮಾಸದಲ್ಲಿ ತಾಳಿ ಚಿನ್ನ ಮನೆಗೆ ತತ್ತಾರೇನೆ?"

"ಧನುರ್ಮಾಸದಲ್ಲಿ ವೀಳ್ಯ ಈಸ್ಕಬೋದಾ?"

"ಅದು ಅವ್ರು ತಂದದ್ದು. ನಾನು ತಂದದ್ದಲ್ವಲ್ಲ."

ಸಾರಿಗೆ ಒಗ್ಗರಣೆ ಹಾಕಲು ಎದ್ದೆ.

ಜನವರಿ 9, ಶುಕ್ರವಾರ

ಸುದ್ದಿ ಹರಡಿಬಿಟ್ಟಿದೆ. ದೊಡ್ಡ ಶೋರೂಮುಗಳಲ್ಲಿ ಒಡವೆ ಕೈಗೆ ಬರುವ ದಿನದ ರೇಟು. ಪಾಂಡವಪುರದ ಆಚಾರ್ರ ಅಂಗಡಿಯಲ್ಲಿ ಎಲೆ ಅಡಿಕೆ ಕೊಟ್ಟರೆ ರೇಟು ಅಲ್ಲೇ ನಿಲ್ಲುತ್ತದೆ! ಯಾರು ಬಿಡುತ್ತಾರೆ. ಬೆಳಿಗ್ಗೆಯಿಂದ ತಟ್ಟೆಗಳೇ ತಟ್ಟೆಗಳು. ಮನೆಯೆಲ್ಲ ವೀಳ್ಯದೆಲೆ ವಾಸನೆ.

ನಾಗಮಂಗಲದಿಂದ ಶಿವಲಿಂಗಯ್ಯ ಅನ್ನುವವರು ಮೊದಲ ಬಸ್ಸಿಗೇ ಬಂದರು. ಮಗನ ಮದುವೆಗಂತೆ.

"ಯಾವತ್ತು ಮದ್ವೆ?" ಇವರು ಕೇಳಿದರು.

"ಇನ್ನೂ ಎಣ್ಣು ನೋಡಿಲ್ಲ ಆಚಾರ್ರೆ."

"ಮತ್ತೆ ತಾಳಿ?"

"ಎಣ್ಣು ಸಿಕ್ಕಾಗ ಸಿಗ್ತಾಳೆ. ಈ ರೇಟು ಸಿಕ್ಕಾಕಿಲ್ವಲ್ಲ!"

ನಾನು ಒಳಗೆ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡೆ. ಇವರು ಆ ವೀಳ್ಯವನ್ನೂ ತೆಗೆದುಕೊಂಡರು.

ಜನವರಿ 11, ಭಾನುವಾರ

ಭೂಮಿಕಳಿಗೆ ರಜ. ನಮ್ಮ ಮಗಳು ಶ್ರೀರಂಗಪಟ್ಟಣದಲ್ಲಿ ಪಿಯುಸಿ ಮಕ್ಕಳಿಗೆ ಕಾಮರ್ಸ್ ಹೇಳಿಕೊಡುತ್ತಾಳೆ. ದಿನಾ ಬಸ್ಸಲ್ಲಿ ಹೋಗಿ ಬರುವುದರಲ್ಲಿ ನಮಗೆ ಸಿಗುವುದೇ ಭಾನುವಾರ. ಇಡ್ಲಿ ತಿನ್ನುತ್ತಾ ಅಪ್ಪನಿಗೆ ಪಾಠ ಶುರುಮಾಡಿದಳು.

"ಮೊದ್ಲೆಲ್ಲ ಒಂದೊಂದು ದೇಶದ ದೊಡ್ಡ ಬ್ಯಾಂಕೂ ಉಳಿತಾಯನೆಲ್ಲ ಡಾಲರಲ್ಲೇ ಮಡಗ್ತಿತ್ತು ಕಣಪ್ಪ. ರಷ್ಯಾ ಯುದ್ಧ ಶುರು ಮಾಡ್ದಾಗ ಅದ್ರ ದುಡ್ಡಿಗೆ ಅಮೆರಿಕದ ಕಡೆಯೋರು ಬೀಗ ಹಾಕ್ಬುಟ್ರು. ಉಳಿದೋರಿಗೂ ಭಯ ಆಯ್ತು — ನಾಳೆ ನಮ್ದುಕ್ಕೂ ಹಾಕಿದ್ರೆ? ಅದ್ಕೆ ಎಲ್ರೂ ಚಿನ್ನ ಕೊಂಡ್ಕಂಡು ತಮ್ಮ ತಮ್ಮ ಮನೇಲಿ ಇಟ್ಕಳ್ತಾವ್ರೆ. ನಮ್ಮ ರಿಸರ್ವ್ ಬ್ಯಾಂಕೂ ಸೈತ. ಅದ್ರ ಮೇಲೆ ಅಮೆರಿಕದ ದೊಡ್ಡ ಬ್ಯಾಂಕು ಬಡ್ಡಿ ಇಳಿಸ್ತಾ ಬಂದದೆ. ಬಡ್ಡಿ ಕಮ್ಮಿಯಾದ್ರೆ ಡಿಪಾಜಿಟ್ ಯಾರಿಗೆ ಬೇಕು? ಅವ್ರೂ ಚಿನ್ನಕ್ಕೇ ಬತ್ತಾರೆ."

ನನಗೆ ಚೆನ್ನಾಗಿ ಅರ್ಥವಾಯಿತು. ದೇಶಗಳೆಲ್ಲ ನಮ್ಮತ್ತೆಯ ಹಾಗೆ ಆಗಿವೆ. ಅವರೂ ಯಾವ ಬ್ಯಾಂಕನ್ನೂ ನಂಬುತ್ತಿರಲಿಲ್ಲ. ಇದ್ದಬದ್ದ ಚಿನ್ನವನ್ನು ಅಕ್ಕಿ ಡಬ್ಬದಲ್ಲಿ ಹೂತು, ಯಾರಾದರೂ ಅನ್ನಕ್ಕೆ ಅಕ್ಕಿ ತೆಗೆದರೂ ಬಂದು ನಿಂತು ನೋಡುತ್ತಿದ್ದರು.

ಆಮೇಲೆ ವೀಳ್ಯದ ಮಾತು ಬಂತು. ಇಷ್ಟು ಜನ ಕೊಟ್ಟಿದ್ದಾರೆ, ಚಿನ್ನ ಇನ್ನೂ ತಂದಿಲ್ಲ ಅಂತ ನಾನೇ ಬಾಯಿಬಿಟ್ಟೆ. ಭೂಮಿಕ ಇಡ್ಲಿ ಕೆಳಗಿಟ್ಟಳು.

"ಅಪ್ಪಾ! ಬಾಂಬೆ ಷೇರುಪೇಟೇಲಿ ಕೋಟು ಟೈ ಹಾಕ್ಕಂಡೋರೇ ಈ ಕೆಲಸ ಮಾಡಕ್ಕೆ ಎದರ್ತಾರೆ. ಕೈಲಿ ಇಲ್ದೇ ಇರೋ ಚಿನ್ನನ ಮಾರ್ಬುಟ್ಟಿದ್ದೀಯ ನೀನು. ಅದೂ ಪಂಚೆ ಉಟ್ಕಂಡು!"

"ನಾನೆಲ್ಲಿ ಮಾರ್ದೆ? ವೀಳ್ಯ ಈಸ್ಕಂಡೆ ಅಷ್ಟೆ."

"ಅದೇ ಕಣಪ್ಪ ಮಾರೋದು ಅಂದ್ರೆ."

ಅವರು ಕೊಡುವುದು ವೀಳ್ಯದ ದಿನದ ರೇಟು. ನಾವು ಚಿನ್ನ ಕೊಳ್ಳುವುದು ಕೊಳ್ಳುವ ದಿನದ ರೇಟಿಗೆ. ನಡುವೆ ಏರಿದ್ದೆಲ್ಲ ನಮ್ಮ ಕೈಯಿಂದ. ಎಲ್ಲಿಂದ ತರುವುದು? ಅಪ್ಪ ಮಗಳು ಇಬ್ಬರ ಕಣ್ಣೂ ನನ್ನ ಕತ್ತಿನ ತನಕ ಬಂದು ಹಿಂದಕ್ಕೆ ಹೋದವು.

ಕಾಸಿನ ಸರ. ಈ ಮನೆಯಲ್ಲಿ ನಮ್ಮದು ಅಂತ ಇರುವ ದೊಡ್ಡ ಒಡವೆ ಅದೊಂದೇ. ಇವರೇ ಮಾಡಿದ್ದು. ಮದುವೆಯಾದ ಹೊಸದರಲ್ಲಿ ಗಿರಾಕಿಗಳ ಕೆಲಸವೆಲ್ಲ ಮುಗಿದ ಮೇಲೆ ಕೂತು, ಒಂದೊಂದೇ ಕಾಸಿಗೆ ಲಕ್ಷ್ಮಿಯ ಅಚ್ಚು ಒತ್ತಿ, ವರ್ಷಗಟ್ಟಲೆ ಕೂಡಿಸಿ ಕಟ್ಟಿದ್ದು. ಕರಗಿಸುವ ಮಾತನ್ನು ಯಾರೂ ಆಡಲಿಲ್ಲ. ನಾನು ಸೆರಗು ಸ್ವಲ್ಪ ಮೇಲಕ್ಕೆ ಎಳೆದುಕೊಂಡೆ.

ಜನವರಿ 15, ಗುರುವಾರ — ಸಂಕ್ರಾಂತಿ

ಧನುರ್ಮಾಸ ಮುಗಿಯಿತು! ಎಳ್ಳು ಬೀರಲು ಹೋಗುವ ಮೊದಲೇ ಇವರ ಮೈಸೂರಿನ ಚೀಲ ಸಿದ್ಧಮಾಡಿ ಬಾಗಿಲ ಹತ್ತಿರ ಇಟ್ಟೆ. ಹಬ್ಬದ ದಿನ ಅಂಗಡಿ ಮುಚ್ಚಿದ್ದರೆ ನಾಳೆಯಾದರೂ ಹೋಗಲಿ ಅಂತ.

ಪುರೋಹಿತರು ಶ್ರೀನಿವಾಸಮೂರ್ತಿಗಳು ಎಳ್ಳು ಬೆಲ್ಲ ತಿನ್ನುತ್ತಾ ಕೂತಿದ್ದರು. ಇವರು ಅವರನ್ನು ಮುಹೂರ್ತ ಕೇಳಬಾರದಿತ್ತು. ಕೇಳಿದರು.

"ಶುಕ್ರ ಇನ್ನೂ ಅಸ್ತದಲ್ಲಿದ್ದಾನಲ್ಲ ಆಚಾರ್ರೆ. ತಿಂಗಳ ಕೊನೆ ಕಳೀಲಿ. ಆಮೇಲೆ ತಾಳಿ ಕೆಲಸ ಶುರು ಮಾಡಿ."

ಚೀಲ ಒಳಗೆ ಹೋಯಿತು.

"ಶುಕ್ರ ಬರಗಂಟ ಅಮೆರಿಕದೋರು ಕಾಯ್ತಾರಾ?" ಅಂದೆ. ಮೂರ್ತಿಗಳು ನಕ್ಕರು. ಇವರು ನಗಲಿಲ್ಲ. ನನಗೂ ನಿಜವಾಗಿ ಕೋಪ ಬಂದಿತ್ತು. ಹಬ್ಬದ ದಿನ ಅಂತ ನುಂಗಿಕೊಂಡೆ. ಸಂಜೆ ಎತ್ತುಗಳು ಕಿಚ್ಚು ಹಾಯುವುದನ್ನು ನೋಡಲು ಇಬ್ಬರೂ ಹೋದೆವು. ಬರುವಾಗ ಒಂದು ಜಲ್ಲೆ ಕಬ್ಬು ತಂದುಕೊಟ್ಟರು. ಅಷ್ಟಕ್ಕೆಲ್ಲ ನಾನು ಕರಗುವುದಿಲ್ಲ. ಆದರೂ ಕಬ್ಬು ಸಿಹಿಯಾಗಿತ್ತು.

ಜನವರಿ 21, ಬುಧವಾರ

ಇವತ್ತು ಗ್ರೀನ್‌ಲ್ಯಾಂಡ್.

ಭೂಮಿಕಳ ಹಳೇ ಅಟ್ಲಾಸ್ ತೆಗೆದು ಹುಡುಕಿದೆ. ನಮ್ಮ ದೇಶದ ನೆತ್ತಿಯ ಮೇಲೂ ಎಷ್ಟೋ ದೂರ. ಹೆಸರಿಗೆ ಹಸಿರು, ಇರುವುದೆಲ್ಲ ಐಸು. ಅದು ಅಮೆರಿಕಕ್ಕೆ ಬೇಕಂತೆ. ಅಲ್ಲಿಯವರು ಕೊಡುವುದಿಲ್ಲವಂತೆ. ಅಡ್ಡ ಬಂದವರಿಗೆಲ್ಲ ಸುಂಕ ಜಡಿಯುತ್ತೇವೆ ಅಂತ ಅಮೆರಿಕದವರು. ಈ ಜಗಳದಲ್ಲಿ ಅರಕೆರೆ ದೊಡ್ಡತಾಯಮ್ಮನ ಮೊಮ್ಮಗನ ತಾಳಿ ಸಿಕ್ಕಿಹಾಕಿಕೊಂಡಿದೆ. ಆಯಮ್ಮನಿಗೆ ಗೊತ್ತೇ ಇಲ್ಲ. ಮದುವೆ ಛತ್ರಕ್ಕೆ ಎಷ್ಟು ಕುಂಬಳಕಾಯಿ ಬೇಕು ಅಂತ ಯೋಚನೆ ಅವರಿಗೆ.

ರೇಟು ಬರೆಯುವುದಿಲ್ಲ. ಬರೆದರೆ ಹೊಟ್ಟೆ ಉರಿಯುತ್ತದೆ.

ಇವರು ಈಗ ಟಿವಿ ಮುಂದೆ ಕೂತು ಯಾವ ದೇಶ ಯಾವುದಕ್ಕೆ ಬೈದರೂ "ಸುಮ್ಕಿರ್ಲಾ!" ಅಂತ ಗದರುತ್ತಾರೆ. ಯಾರೂ ಸುಮ್ಮನಿರುವುದಿಲ್ಲ.

ಜನವರಿ 27, ಮಂಗಳವಾರ

ಹೊಸ ವೀಳ್ಯ ತೆಗೆದುಕೊಳ್ಳುವುದಿಲ್ಲ ಅಂತ ಇವರಿಂದ ದೇವರ ಮುಂದೆ ಆಣೆ ಮಾಡಿಸಬೇಕು ಅಂತಿದ್ದೆ. ಭೂಮಿಕ ಬೇಡ ಅಂದಳು.

"ನಾಳೆ ಅಮೆರಿಕದ ಬ್ಯಾಂಕಿನ ಮೀಟಿಂಗ್ ಅದೆ ಅಮ್ಮ. ಬಡ್ಡಿ ಇಳಿಸಲ್ಲ ನೋಡ್ತಿರು. ಇಳಿಸದಿದ್ರೆ ಚಿನ್ನ ತಣ್ಣಗಾಯ್ತದೆ. ನನ್ನ ಮಾತು ಬರ್ಕೊ."

ಬರೆದುಕೊಂಡಿದ್ದೇನೆ.

ಜನವರಿ 29, ಗುರುವಾರ

ಬ್ಯಾಂಕು ಬಡ್ಡಿ ಇಳಿಸಲಿಲ್ಲ. ಭೂಮಿಕ ಹೇಳಿದ ಹಾಗೇ ಆಯಿತು. ಚಿನ್ನ ಹಿಂದೆಂದೂ ಇಲ್ಲದಷ್ಟು ಏರಿತು. ಅದನ್ನು ಅವಳು ಹೇಳಿರಲಿಲ್ಲ.

"ನನ್ನ ಎಂ.ಕಾಂ. ವಾಪಸ್ ಕೊಟ್ಬುಡ್ತೀನಿ ಅಮ್ಮ" ಅಂತ ಬಸ್‌ಸ್ಟ್ಯಾಂಡಿಂದ ಫೋನು. ನಗುತ್ತಿದ್ದಳು.

ಅಷ್ಟರಲ್ಲಿ ಕೆ.ಆರ್.ಪೇಟೆಯಿಂದ ಕಾರು ಬಂತು. ಕಂಟ್ರಾಕ್ಟರ್ ನಾಗರಾಜು. ಮಗನ ಮದುವೆ. ಅವನ ಅಜ್ಜಿಯ ಕಾಲದಿಂದ ಆ ಮನೆಗೆ ತಾಳಿ ನಮ್ಮಲ್ಲೇ. ಈ ಸಲ ತಾಳಿಯ ಜೊತೆಗೆ ದೊಡ್ಡ ಹಾರ, ಕಡಗ, ಬಳೆ — ಎಲ್ಲಾ ಒಂದೇ ವೀಳ್ಯದಲ್ಲಿ.

"ಇನ್ನೂ ಡಬಲ್ ಆಯ್ತದಂತೆ ಆಚಾರ್ರೆ. ಯೂಟ್ಯೂಬಲ್ಲಿ ಯೋಳ್ತಾವ್ರೆ. ಇವತ್ತೇ ಮಡಗ್ಬುಡನ ಅಂತ ಓಡ್ಬಂದೆ."

ನಾನು ಬಾಗಿಲ ಸಂದಿಯಲ್ಲಿ ನಿಂತು ಎರಡೂ ಕೈಯಲ್ಲಿ ಬೇಡ ಬೇಡ ಅಂತ ಆಡಿಸಿದೆ. ಇವರು ನೋಡಿದರು. ನೋಡಿಯೂ ತಟ್ಟೆಗೆ ಕೈ ಚಾಚಿದರು.

ಅವನು ಹೋದ ಮೇಲೆ ಕೂಗಾಡಿಬಿಟ್ಟೆ.

"ಬಾಗ್ಲಿಗೆ ಬಂದ ತಾಳಿ ವೀಳ್ಯನ ಎಂಗಮ್ಮಿ ಬ್ಯಾಡ ಅನ್ನದು?" ಅಷ್ಟೇ ಅಂದರು. ದನಿ ಚಿಕ್ಕದಾಗಿತ್ತು. ಇಷ್ಟು ದಿನ ಬರೀ ತಾಳಿಗಳು. ಈಗ ಈ ದೊಡ್ಡ ಆರ್ಡರು. ರೇಟು ಇನ್ನೂ ಏರಿದರೆ ಸರ ಮಾತ್ರವಲ್ಲ, ಅಂಗಡಿಯೂ ಹೋಗುತ್ತದೆ. ಅದು ಅವರಿಗೂ ಗೊತ್ತಿತ್ತು.

ಸರ ಬಿಚ್ಚಿ ದೇವರ ಮುಂದಿನ ತಟ್ಟೆಯಲ್ಲಿಟ್ಟೆ.

"ಕರಗಿಸಿ. ಮೊದ್ಲು ಬಂದೋರ ತಾಳಿಗಾದ್ರೂ ಚಿನ್ನ ಆಯ್ತದೆ."

"ನಾಳೆ ಶುಕ್ರವಾರ. ಲಕ್ಷ್ಮೀನ ಬೆಂಕಿಗೆ ಆಕಾಕಿಲ್ಲ."

"ಶನಿವಾರ?"

"ಶನಿವಾರ ಬ್ಯಾಡ."

"ಭಾನುವಾರ?"

"ಅಮಾಸೆಯೋ ಉಣ್ಣಿಮೆಯೋ ಅದೆ ಅವತ್ತು."

ಸೋಮವಾರ ಅಂತಾಯಿತು. ಕತ್ತು ಬರಿದಾದದ್ದು ಒಂದು ಥರ ಅನ್ನಿಸಿತು. ಅಡುಗೆಮನೆಗೆ ಬಂದು ಅತ್ತುಬಿಟ್ಟೆ. ಹೆಚ್ಚು ಹೊತ್ತಲ್ಲ. ಎಸರು ಕುದಿಯುತ್ತಿತ್ತು, ಮುದ್ದೆ ತೊಳಸಬೇಕಿತ್ತು.

ಜನವರಿ 31, ಶನಿವಾರ

ಬೆಳಿಗ್ಗೆ ಗ್ರೂಪಿನಲ್ಲಿ ರೇಟು ಬಂತು. ಯಾರೂ ಕೈಮುಗಿಯುವ ಗೊಂಬೆ ಹಾಕಲಿಲ್ಲ. ಇವರು ಫೋನನ್ನು ಎರಡು ಸಲ ಕುಟ್ಟಿದರು. ಆಫ್ ಮಾಡಿ ಆನ್ ಮಾಡಿದರು. ಕೊನೆಗೆ ನನ್ನ ಕೈಗೆ ಕೊಟ್ಟರು.

"ಓದಮ್ಮಿ. ನನ್ನ ಕಣ್ಣು ಕೆಟ್ಟೋಗದೆ."

ಕಣ್ಣು ಕೆಟ್ಟಿರಲಿಲ್ಲ. ಚಿನ್ನ ಬಿದ್ದಿತ್ತು. ಸ್ವಲ್ಪ ಅಲ್ಲ — ಅಟ್ಟದಿಂದ ಬಿದ್ದ ಹಾಗೆ. ಬೆಳ್ಳಿ ಇನ್ನೂ ಜೋರಾಗಿ.

ಭೂಮಿಕ ಹಾಸಿಗೆಯಲ್ಲೇ ಎದ್ದು ಕೂತು ಫೋನಿನಲ್ಲಿ ಓದಿ ಹೇಳಿದಳು. ಅಮೆರಿಕದ ಬ್ಯಾಂಕಿಗೆ ಮುಂದೆ ಬರುವ ಯಜಮಾನರು ಇವರೇ ಅಂತ ಅಲ್ಲಿನ ಅಧ್ಯಕ್ಷರು ಒಬ್ಬರ ಹೆಸರು ಹೇಳಿದರಂತೆ. ಸ್ವಲ್ಪ ಬಿಗಿ ಮನುಷ್ಯ, ಬಡ್ಡಿಯನ್ನು ಬೇಕಾಬಿಟ್ಟಿ ಇಳಿಸುವವನಲ್ಲ ಅಂತ ಜನರ ಎಣಿಕೆ. ಡಾಲರು ಗಟ್ಟಿಯಾಯಿತು. ಲಾಭಕ್ಕೆ ಅಂತ ಚಿನ್ನ ಕೊಂಡವರೆಲ್ಲ ಒಟ್ಟಿಗೆ ಬಾಗಿಲಿಗೆ ಓಡಿದರು.

"ಬಂದು ಕುಂತವ್ನಾ ಆಗ್ಲೆ?" ಇವರು ಕೇಳಿದರು.

"ಇಲ್ಲ ಅಪ್ಪ. ಹೆಸರು ಹೇಳವ್ರೆ ಅಷ್ಟೆ."

ನನಗೆ ಆಶ್ಚರ್ಯವಾಗಲಿಲ್ಲ. ನಾನು ಓದುವಾಗ ಸ್ಕೂಲಿಗೆ ಹೊಸ ಹೆಡ್‌ಮಾಸ್ತರು ಬರುತ್ತಾರೆ ಅಂತ ಸುದ್ದಿ ಬಂದ ದಿನವೇ ಎಲ್ಲರೂ ತಲೆ ಬಾಚಿಕೊಂಡು ಬಂದಿದ್ದೆವು. ಅವರು ಬಂದದ್ದು ಮುಂದಿನ ತಿಂಗಳು.

ಶುಕ್ರವಾರ ಬೇಡ, ಶನಿವಾರ ಬೇಡ ಅಂದದ್ದು ಎಷ್ಟು ಒಳ್ಳೆಯದಾಯಿತು! ಹೇಳಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಫೆಬ್ರವರಿ 1, ಭಾನುವಾರ

ಟಿವಿಯಲ್ಲಿ ಬಜೆಟ್ಟು. ಚಿನ್ನ ಇನ್ನೂ ಇಳಿಯುತ್ತಿದೆ.

ಭೂಮಿಕ ಲೆಕ್ಕ ಹಾಕಿ ಹೇಳಿದಳು. ದೊಡ್ಡತಾಯಮ್ಮನಂಥವರು ಮೊದಲು ವೀಳ್ಯ ಕೊಟ್ಟವರು. ಅವರ ರೇಟಿಗಿಂತ ಇವತ್ತಿನದು ಇನ್ನೂ ಮೇಲೇ ಇದೆ, ಅಲ್ಲಿ ನಮಗೆ ನಷ್ಟ. ನಾಗರಾಜು ಕೊಟ್ಟದ್ದು ಚಿನ್ನ ತುತ್ತತುದಿಯಲ್ಲಿದ್ದ ದಿನ. ಅವನ ಆರ್ಡರಿನಲ್ಲಿ ನಮಗೆ ಉಳಿಯುತ್ತದೆ. ಅದಕ್ಕೂ ಇದಕ್ಕೂ ಸರಿಹೋಗುತ್ತದೆ. ಸರ ಉಳಿಯುತ್ತದೆ — ನಾಗರಾಜು ತನ್ನ ವೀಳ್ಯಕ್ಕೆ ನಿಂತರೆ.

"ನಿಲ್ತಾನಾ?" ಅಂದಳು.

ಇವರು ಎದ್ದು ಟಿವಿ ಆರಿಸಿದರು.

ಫೆಬ್ರವರಿ 2, ಸೋಮವಾರ
ಬೆಳಿಗ್ಗೆ

ಶುಕ್ರ ಮೂಡಿದ್ದಾನೆ ಅಂತ ಮೂರ್ತಿಗಳ ಫೋನು. ಅದರ ಹಿಂದೆಯೇ ನಾಗರಾಜುವಿನ ಕಾರು.

"ಆಚಾರ್ರೆ, ರೇಟು ಬಿದ್ದೋಗದಲ್ಲ. ಇವತ್ತಿನ ರೇಟಿಗೇ ಮಾಡ್ಕೊಟ್ಬುಡಿ. ಎಲೆ ಅಡ್ಕೆ ಮಾತೆಲ್ಲ ಈ ಕಾಲದಲ್ಲಿ ಏನು ಬುಡಿ."

ಇವರು ಎದ್ದರು. ಒಳಗೆ ಬಂದು ತಟ್ಟೆ ತೆಗೆದು, ಹೊಸ ಎಲೆ, ಅಡಿಕೆ, ಬೆಲ್ಲ, ಅವನು ಕೊಟ್ಟಿದ್ದ ಮುಂಗಡ ಇಟ್ಟು, ತಂದು ಅವನ ಕೈಗೆ ಕೊಟ್ಟರು.

"ನಿಮ್ಮ ವೀಳ್ಯ ನೀವು ತಕ್ಕಂಡೋಗಿ. ಬ್ಯಾರೆ ಕಡೆ ಮಾಡಿಸ್ಕಳಿ."

ಅವನು ಖುಷಿಯಾಗಿ ತೆಗೆದುಕೊಂಡು ಹೋದ! ಸ್ವಲ್ಪ ಜಗಳವಾಡಬಾರದಾ, ಅರ್ಧ ರೇಟಾದರೂ ಕೇಳಬಾರದಾ.

"ಸರ ತತ್ತಾ" ಅಂದರು.

ತಂದುಕೊಟ್ಟೆ. ಕೈಗಿಟ್ಟು ಒಳಗೆ ಬಂದುಬಿಟ್ಟೆ.

ಸಂಜೆ

ಬೆಳಗಿನಿಂದ ಕರಗಿಸುವ ಕೆಲಸ ಆಗಲೇ ಇಲ್ಲ. ಮೊದಲು ಮೂಸೆಯಲ್ಲಿ ಬಿರುಕು ಇದೆ ಅಂದರು. ಬೇರೆ ಮೂಸೆ ಇತ್ತು. ಆಮೇಲೆ ಗ್ಯಾಸು ಕಮ್ಮಿ ಇದೆ ಅಂದರು. ಅಲ್ಲಾಡಿಸಿ ನೋಡಿದೆ, ತುಂಬಿತ್ತು. ಆಮೇಲೆ ಸರವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕಾಸು ಒರೆಸುತ್ತಾ ಕೂತರು. ಎರಡು ಸಲ ಕಾಫಿ ಕೊಟ್ಟೆ.

ಸಂಜೆ ಕಾರು ಮತ್ತೆ ಬಂತು. ಮೊದಲು ಇಳಿದದ್ದು ನಾಗರಾಜುವಿನ ತಾಯಿ ಚಿಕ್ಕಬೋರಮ್ಮ. ಹಿಂದೆ ಅವನು, ಅದೇ ತಟ್ಟೆ ಹಿಡಿದುಕೊಂಡು.

"ಆಚಾರಪ್ಪ, ಈ ಬೇಕೂಪ ಮಾಡಿರ ಕೆಲಸ ನೋಡು! ತಾಳಿ ವೀಳ್ಯನ ವಾಪಸ್ ತಂದು ಅಡ್ಗೆಮನೇಲಿ ಮಡಗವ್ನೆ. ಯಾರಾರ ತಾಳಿ ವೀಳ್ಯ ಇಂದುಕ್ ತತ್ತಾರಾ? ಮದ್ವೆ ಮುರ್ಕಂಡ್ ಬಂದಂಗಲ್ವಾ? ಎಣ್ಣಿನ ಮನೆಯೋರ್‌ಗೆ ಗೊತ್ತಾದ್ರೆ ಏನಂದಾರು?"

"ಅವ್ವ, ರೇಟು ಇಳ್ದದೆ ಅಂತ..."

"ರೇಟ್‌ನ ಕಟ್ಕಂಡ್ ಸಂಸಾರ ಮಾಡಾನೇನ್ಲಾ ನಿನ್ ಮಗ? ಇಡೀಲಾ ಮುಂದುಕ್ಕೆ!"

ನಾಗರಾಜು ತಟ್ಟೆ ಮುಂದೆ ಹಿಡಿದ. ಚಿಕ್ಕಬೋರಮ್ಮ ಅದರ ಮೇಲೆ ಕೈಯಿಟ್ಟು, "ಗುರುವಾರ ಏನ್ ರೇಟಿತ್ತೋ ಅದೇ. ಒಂದ್ ಪೈಸ ಕಮ್ಮಿ ಮಾಡ್ಬ್ಯಾಡ. ನನ್ ಮೊಮ್ಮಗುನ್ ತಾಳಿಗೆ ಕೊರ್ತೆ ಆಗ್ಬಾರ್ದು" ಅಂದರು.

ಇವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟರು.

ಕಾಫಿ ತಂದಾಗ ನಾಗರಾಜು ಮೆಲ್ಲಗೆ, "ಅಕ್ಕಾ, ಒಸಿ ಸಕ್ರೆ ಜಾಸ್ತಿ ಆಕಿ. ಬಾಯೆಲ್ಲ ಕಹಿಯಾಗದೆ" ಅಂದ. ಪಾಪ ಅನ್ನಿಸಿ ಎರಡು ಚಮಚ ಹಾಕಿದೆ.

ಅವರು ಹೋಗುವ ಹೊತ್ತಿಗೆ ಭೂಮಿಕ ಕಾಲೇಜಿನಿಂದ ಬಂದಳು. ವಿಷಯ ಕೇಳಿದವಳೇ ಅಪ್ಪನ ಕೈಗೆ ಫೋನು ಕೊಟ್ಟಳು. "ಶುಕ್ರ ಮೂಡಾಯ್ತು. ಇನ್ನ ಯಾವ ನೆಪನೂ ಇಲ್ಲ. ಮಾಡು." ನಿಂತ ಕಾಲಲ್ಲೇ ಮೈಸೂರಿನ ಸಗಟು ಅಂಗಡಿಗೆ ಫೋನು ಹೋಯಿತು. ಎಲ್ಲ ವೀಳ್ಯದ ಚಿನ್ನಕ್ಕೂ ಇವತ್ತಿನ ರೇಟೇ ಕಟ್ಟಿಸಿದರು. ಶಿವಲಿಂಗಯ್ಯನ ಮಗನಿಗೆ ಇನ್ನೂ ಸಿಗದ ಹುಡುಗಿಯ ತಾಳಿಗೂ ಸೇರಿ.

"ಅಮೆರಿಕದೋರಿಗೆ ಇವರೇ ಬೇಕಾಗಿತ್ತು ಅಮ್ಮ, ಚಿಕ್ಕಬೋರಮ್ಮ. ಒಂದ್ ದಿನದಲ್ಲಿ ಎಲ್ಲ ಸರಿ ಮಾಡ್ತಿದ್ರು" ಅಂದಳು ಭೂಮಿಕ. ಮೂವರೂ ನಕ್ಕು ನಕ್ಕು ಸುಸ್ತಾದೆವು.

ಫೆಬ್ರವರಿ 4, ಬುಧವಾರ
ಮಧ್ಯಾಹ್ನ

ಚಿನ್ನ ಮತ್ತೆ ಏರುತ್ತಿದೆಯಂತೆ. ಏರಲಿ. ನಮ್ಮ ಚಿನ್ನ ಬಂದು ಕೂತಿದೆ.

ಬೆಳಿಗ್ಗೆ ಪೂಜೆ ಮಾಡಿ ತಾಳಿ ಕೆಲಸ ಶುರು. ಮೊದಲ ತಾಳಿ ದೊಡ್ಡತಾಯಮ್ಮನವರದ್ದು. ಆಯಮ್ಮ ಬಸ್ಸಲ್ಲಿ ಬಂದು ಮಣೆಯ ಮುಂದೆ ಕೂತು ಮೊದಲ ಸುತ್ತಿಗೆ ಏಟು ಬಿದ್ದದ್ದು ನೋಡಿಯೇ ಎದ್ದದ್ದು. ಗ್ರೀನ್‌ಲ್ಯಾಂಡಿನ ಕಥೆ ಹೇಳಿದೆ. "ಐಸ್‌ಗೆ ಜಗಳ ಆಡ್ತಾರಾ! ಮಾಡಕ್ ಬ್ಯಾರೆ ಗೇಯ್ಮೆ ಇಲ್ವಾ ಅವ್ರಿಗೆ" ಅಂದರು.

ಅವರು ಹೋದ ಮೇಲೆ ಇವರು ಸರ ತಂದರು. ಅಂಟುವಾಳದ ನೀರಿನಲ್ಲಿ ತೊಳೆದು ಫಳಫಳ ಮಾಡಿದ್ದರು. ಹಿಂದೆ ನಿಂತು ತಾವೇ ಹಾಕಿದರು. ಸುಮ್ಮನೆ ಇರಲಾರದೆ ಕೆಣಕಿದೆ.

"ಇವತ್ತಿನ ರೇಟ್‌ಗೆ ಎಷ್ಟಾಯ್ತದ್ರೀ ಇದು?"

"ಅದುಕ್ಕೆಲ್ಲಮ್ಮಿ ಇವತ್ತಿನ ರೇಟು? ನಿಮ್ಮಪ್ಪ ನಮ್ಮನೆಗೆ ವೀಳ್ಯ ಕೊಟ್ಟ ದಿನ ಏನಿತ್ತೋ ಅದೇ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಂಥ ಮಾತು ಆಡಿದ್ದು ನೆನಪಿಲ್ಲ. ಏನಾದರೂ ತಿರುಗಿ ಹೇಳಬೇಕಿತ್ತು. ನನ್ನ ಬಾಯಿಗೇ ಮಾತು ಬರಲಿಲ್ಲ ಅಂದರೆ ಈ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೈ ಸುಮ್ಮನೆ ಕತ್ತಿಗೆ ಹೋಗುತ್ತದೆ.

ಅಂಗಡಿಯಿಂದ ಕರೆಯುತ್ತಿದ್ದಾರೆ. ಕೊಕ್ಕೆ ಸರಿಯಾಗಿ ಬಿದ್ದಿಲ್ಲ, ಬಾ ನೋಡ್ತೀನಿ ಅಂತ. ಬಿದ್ದಿದೆ. ಮುಟ್ಟಿ ನೋಡಿದೆ, ಸರಿಯಾಗೇ ಬಿದ್ದಿದೆ. ಆದರೂ ಹೋಗಿ ಒಂದು ಸಲ ತೋರಿಸಿ ಬರುತ್ತೇನೆ.